ಉಪ್ಪು ಬೇಕು, ಉಪ್ಪು ಬೇಡ: ತಿರುಪ್ಪೂರಿನ ಡೈಯಿಂಗ್ ಘಟಕಗಳಲ್ಲಿ ಲೀನ್ ಮತ್ತು ಟ್ರಿಝ್

ಲೀನ್ ಪದ್ಧತಿ ಇದ್ದ ಮೇಲೆ ಟ್ರಿಝ್ ಯಾಕೆ ಬೇಕು, ಒಂದೇ ಸಾಲದಾ? ಈ ಪ್ರಶ್ನೆಗೆ ನಾನು ಸಿದ್ಧಾಂತದಿಂದಲ್ಲ, ತಿರುಪ್ಪೂರಿನ ಇತಿಹಾಸದಿಂದ ಉತ್ತರ ಹುಡುಕ್ತೀನಿ.

ಮೊದಲು ಪರಿಭಾಷೆ. ಲೀನ್‌ನ ಮೂಲ ಟೊಯೋಟಾದಲ್ಲಿ ತೈಚಿ ಓನೊ ರೂಪಿಸಿದ ಉತ್ಪಾದನಾ ಪದ್ಧತಿ. ಪೋಲನ್ನು ಹುಡುಕಿ ತೆಗೆಯೋದು ಅದರ ಕೆಲಸ. ಟ್ರಿಝ್ ಅಂದ್ರೆ ಸೋವಿಯತ್ ಒಕ್ಕೂಟದ ಗೆನ್ರಿಖ್ ಆಲ್ಟ್‌ಶುಲ್ಲರ್ ಪೇಟೆಂಟುಗಳನ್ನು ಅಭ್ಯಾಸ ಮಾಡಿ ಕಟ್ಟಿದ ವಿಧಾನ. ಸಮಸ್ಯೆಯೊಳಗಿನ ವಿರೋಧವನ್ನು ಗುರುತಿಸಿ, ರಾಜಿಯಿಲ್ಲದೆ ಬಿಡಿಸು ಅನ್ನುತ್ತೆ.

ಈಗ ತಿರುಪ್ಪೂರಿಗೆ ಬರೋಣ. ಹತ್ತಿ ಬಟ್ಟೆಗೆ ರಿಯಾಕ್ಟಿವ್ ಬಣ್ಣ ಹಿಡಿಯಲು ಉಪ್ಪು ಬೇಕು. ನೀರಿನಲ್ಲಿ ಹತ್ತಿಯೂ ಬಣ್ಣವೂ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಆ ತಳ್ಳಾಟವನ್ನು ತಗ್ಗಿಸುತ್ತದೆ. ಆದರೆ ಉಪ್ಪು ಬಟ್ಟೆಯಲ್ಲಿ ನಿಲ್ಲಲ್ಲ, ತೊಳೆದ ನೀರಿನ ಜೊತೆ ಹೊರಗೆ ಹೋಗುತ್ತೆ. ಆ ನೀರು ನೊಯ್ಯಲ್ ನದಿಗೆ ಸೇರಿತು. ನೀರಾವರಿಗೆಂದು ಕಟ್ಟಿದ ಒರತ್ತುಪ್ಪಾಳಯಂ ಅಣೆಕಟ್ಟು ಕೊಳಕು ನೀರಿನ ತೊಟ್ಟಿಯಾಯ್ತು. ರೈತರ ಬಾವಿ, ಹೊಲ ಕೆಟ್ಟವು. ನೊಯ್ಯಲ್ ಕೊನೆಗೆ ಸೇರೋದು ನಮ್ಮ ಕಾವೇರಿಗೇ.

ಇಲ್ಲಿ ಲೀನ್ ಏನು ಮಾಡಬಲ್ಲದು? ಹಳೆಯ ವಿಂಚ್ ಯಂತ್ರದ ಬದಲು ಸಾಫ್ಟ್ ಫ್ಲೋ ಯಂತ್ರ ಹಾಕಿದರೆ ಒಂದು ಕಿಲೋ ಬಟ್ಟೆಗೆ ಬೇಕಾದ ನೀರು ಕಡಿಮೆ. ಉಪ್ಪನ್ನು ಲೀಟರಿಗೆ ಇಷ್ಟು ಗ್ರಾಂ ಅಂತ ಹಾಕೋದರಿಂದ ಉಪ್ಪೂ ಕಡಿಮೆ. ಶೇಡ್ ಮೊದಲ ಸಲವೇ ಸರಿ ಬಂದರೆ ಮತ್ತೆ ಬಣ್ಣ ಹಾಕೋ ಕೆಲಸ ತಪ್ಪುತ್ತೆ. ಉಳಿತಾಯ ನಿಜ. ಆದರೆ ಉಪ್ಪು ಸೊನ್ನೆಗೆ ಇಳಿಯಲ್ಲ. ಆರ್ಡರ್ ಹೆಚ್ಚಾದರೆ ಉಳಿಸಿದ್ದೆಲ್ಲ ಮತ್ತೆ ನದಿಪಾಲು.

ರೈತರು ಕೋರ್ಟಿಗೆ ಹೋದರು. 2006ರಲ್ಲಿ ಮದ್ರಾಸ್ ಹೈಕೋರ್ಟ್, ಒಂದು ಹನಿ ತ್ಯಾಜ್ಯ ನೀರೂ ಹೊರಗೆ ಹೋಗಬಾರದು ಎಂದಿತು. ಅದು ಪಾಲನೆಯಾಗದ ಕಾರಣ 2011ರ ಜನವರಿಯಲ್ಲಿ ಡೈಯಿಂಗ್, ಬ್ಲೀಚಿಂಗ್ ಘಟಕಗಳನ್ನು ಮುಚ್ಚಲು ಆದೇಶಿಸಿತು. ಸಾವಿರಾರು ಕಾರ್ಮಿಕರ ಕೆಲಸಕ್ಕೆ ಕುತ್ತು ಬಂತು. ಪ್ರಶ್ನೆಯೇ ಬದಲಾಯ್ತು: 'ಎಷ್ಟು ಕಡಿಮೆ ಬಿಡೋಣ' ಅಲ್ಲ, 'ಉಪ್ಪು ಇರಲೇಬೇಕು, ಇರಲೇಬಾರದು'.

ಇದೇ ಟ್ರಿಝ್ ಹೇಳುವ ವಿರೋಧ. ರಿವರ್ಸ್ ಆಸ್ಮಾಸಿಸ್‌ನಿಂದ ಬಹುಪಾಲು ನೀರು ವಾಪಸ್ ಸಿಗುತ್ತೆ. ಉಳಿಯೋದು ಗಟ್ಟಿ ಉಪ್ಪುನೀರು. ಅದನ್ನು ಕುದಿಸಿ ಒಣಗಿಸೋದು ದುಬಾರಿ. ಅರುಳ್‌ಪುರಂನ ಸಾಮೂಹಿಕ ಶುದ್ಧೀಕರಣ ಘಟಕ ಹಿಡಿದ ದಾರಿ ಬೇರೆ: ಅದನ್ನೇ ಶುದ್ಧಮಾಡಿ, ಉಪ್ಪಿನ ಬದಲಿಗೆ ಬಣ್ಣದ ಯಂತ್ರಕ್ಕೆ ಮರಳಿಸೋದು. ಹಾನಿಯನ್ನೇ ಲಾಭವಾಗಿ ತಿರುಗಿಸೋದು ಟ್ರಿಝ್‌ನ 40 ತತ್ವಗಳಲ್ಲಿ ಒಂದು. ಅಲ್ಲಿನವರು ಟ್ರಿಝ್ ಓದಿ ಹೀಗೆ ಮಾಡಿದರು ಅಂತ ನಾನು ಹೇಳ್ತಿಲ್ಲ. ಇದು ನನ್ನ ಓದು.

ಹಾಗಾದರೆ ಎರಡೂ ಬೇಕು. ಲೀನ್ ಉಪ್ಪುನೀರನ್ನು ಸಂಭಾಳಿಸುವಷ್ಟಕ್ಕೆ ಇಳಿಸುತ್ತೆ, ಟ್ರಿಝ್ ಉಳಿದದ್ದಕ್ಕೆ ದಾರಿ ತೋರಿಸುತ್ತೆ. ಆದರೆ ಪೋಲಿನ ಲೆಕ್ಕವನ್ನು ಕಾರ್ಖಾನೆಯ ಗೇಟಿಗೇ ನಿಲ್ಲಿಸದೆ ನದಿಯವರೆಗೆ ಎಳೆದವರು ಮ್ಯಾನೇಜರುಗಳಲ್ಲ, ಕೆಳದಂಡೆಯ ರೈತರು. ನಮ್ಮ ಪಠ್ಯಗಳಲ್ಲಿ ಅವರಿಗೂ ಜಾಗ ಇರಬೇಕು ಅನ್ನೋದು ನನ್ನ ವಾದ.