ಚೀನೀ ಕಷಾಯಕ್ಕೂ ಒರೆಗಲ್ಲು

ಚೀನಾದ ಹಳೆಯ ವೈದ್ಯರು ಸ್ತನ ಕ್ಯಾನ್ಸರಿಗೆ ಇಟ್ಟ ಹೆಸರು ‘ರು ಯಾನ್’. ಎಂದರೆ ಸ್ತನದೊಳಗಿನ ಬಂಡೆ. ಕಾಳಿನ ಗಾತ್ರದಲ್ಲಿ ನೋವಿಲ್ಲದೆ ಹುಟ್ಟಿ, ವರ್ಷಗಟ್ಟಲೆ ಸುಮ್ಮನಿದ್ದು, ಕೊನೆಗೆ ಹುಣ್ಣಾಗುವ ಈ ಗಂಟನ್ನು ಚೆನ್ ಷಿಗಾಂಗ್ ಎಂಬ ವೈದ್ಯ 1617ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಚಿಂತೆ, ದುಃಖಗಳೇ ಇದರ ಮೂಲ ಎಂಬುದು ಅವನ ನಂಬಿಕೆ. ಕಾರಣ ತಪ್ಪಿರಬಹುದು, ಆದರೆ ಕಣ್ಣು ಚುರುಕಾಗಿತ್ತು.

ಗಂಟನ್ನು ಕತ್ತರಿಸಿ ತೆಗೆದರೂ ರೋಗ ಮರಳುತ್ತದೆ ಎಂಬುದೇ ಆಧುನಿಕ ಶಸ್ತ್ರವೈದ್ಯರನ್ನು ಕಾಡಿದ ಸಮಸ್ಯೆ. ಇಟಲಿಯ ಮಿಲಾನ್ ನಗರದ ಬೊನಾಡೊನ್ನಾ ಮತ್ತು ಸಂಗಡಿಗರು 1976ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಶಸ್ತ್ರಚಿಕಿತ್ಸೆಯ ನಂತರ ಮೂರು ಔಷಧಗಳ ಕಿಮೊಥೆರಪಿ ಪಡೆದ 207 ಮಹಿಳೆಯರಲ್ಲಿ ರೋಗ ಮರುಕಳಿಸಿದ್ದು ಶೇ 5.3 ಮಂದಿಗೆ, ಪಡೆಯದ 179 ಮಂದಿಯಲ್ಲಿ ಶೇ 24ರಷ್ಟು. ಅಂದಿನಿಂದ ಕಿಮೊಥೆರಪಿ ಬೇರೂರಿತು. ಅದರ ಹಿಂದೆಯೇ ವಾಕರಿಕೆ, ಕೂದಲುದುರುವಿಕೆ, ಬಿಳಿ ರಕ್ತಕಣಗಳ ಕುಸಿತವೂ ಬಂದವು.

ಚೀನೀ ಕಷಾಯಕ್ಕೆ ಜಾಗ ದೊರೆತದ್ದು ಇಲ್ಲಿಯೇ. ದೇಶೀ ವೈದ್ಯ ದೊಡ್ಡ ನಿಧಿ ಎಂದು ಮಾವೊ 1958ರಲ್ಲಿ ಸಾರಿದ ಮೇಲೆ ಚೀನಾದ ಆಸ್ಪತ್ರೆಗಳಲ್ಲಿ ಎರಡೂ ಪದ್ಧತಿಗಳು ಒಂದೇ ಸೂರಿನಡಿ ನಡೆಯತೊಡಗಿದ್ದವು. ರೋಗವನ್ನು ಕೊಲ್ಲುವುದು ಪಾಶ್ಚಾತ್ಯ ಔಷಧದ ಕೆಲಸ, ದೇಹವನ್ನು ಎತ್ತಿ ನಿಲ್ಲಿಸುವುದು ಹುವಾಂಗ್‌ಚಿಯಂಥ ಬೇರುಗಳ ಕೆಲಸ ಎಂಬುದು ತತ್ವ. ಕೇಳಲು ಸೊಗಸಾದ ಮಾತು. ಆದರೆ ನಿಜವೇ?

ಪರೀಕ್ಷಿಸುವುದು ಸುಲಭವಿರಲಿಲ್ಲ. ವೈಜ್ಞಾನಿಕ ಪರೀಕ್ಷೆ ಎಂದರೆ ಎಲ್ಲರಿಗೂ ಒಂದೇ ಔಷಧ; ಚೀನೀ ವೈದ್ಯನೋ ನಾಡಿ ಹಿಡಿದು, ನಾಲಿಗೆ ನೋಡಿ ಒಬ್ಬೊಬ್ಬರಿಗೆ ಒಂದೊಂದು ಮದ್ದು ಬರೆಯುತ್ತಾನೆ. ಇನ್ನು ಕಹಿ ಕಷಾಯಕ್ಕೆ ಅದೇ ರುಚಿಯ ಹುಸಿ ಕಷಾಯ ತಯಾರಿಸುವವರಾರು? ಚೀನಾದ ವರದಿಗಳ ಮೇಲೆ ಅನುಮಾನವೂ ಇತ್ತು. ಅಲ್ಲಿಂದ ಪ್ರಕಟವಾದ ಅಕ್ಯುಪಂಕ್ಚರ್ ಪರೀಕ್ಷೆಗಳನ್ನು ಬ್ರಿಟನ್ನಿನ ಸಂಶೋಧಕರು 1998ರಲ್ಲಿ ಕಲೆಹಾಕಿ ನೋಡಿದರೆ ಎಲ್ಲವೂ ಯಶಸ್ವಿಯೇ! ಸೋಲೇ ಇಲ್ಲದ ವಿಜ್ಞಾನವನ್ನು ನಂಬುವುದು ಕಷ್ಟ.

ಈ ಗಂಟನ್ನು ಜಾಣತನದಿಂದ ಬಿಡಿಸಿದ್ದು ಹಾಂಗ್‌ಕಾಂಗ್‌ನ ವೈದ್ಯರು. ಸ್ತನ ಅಥವಾ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಕಿಮೊಥೆರಪಿಗೆ ಬಂದಿದ್ದ 120 ರೋಗಿಗಳನ್ನು ಅವರು ಆರಿಸಿಕೊಂಡರು. ಮೂವರು ಚೀನೀ ವೈದ್ಯರು ತಮ್ಮ ಪದ್ಧತಿಯಂತೆಯೇ ಪ್ರತಿಯೊಬ್ಬರನ್ನೂ ನೋಡಿ ಬೇರೆ ಬೇರೆ ಮದ್ದು ಬರೆದರು. ಆದರೆ ಕೈಗೆ ಬಂದ ಪೊಟ್ಟಣದಲ್ಲಿ ಕೆಲವರಿಗೆ ನಿಜವಾದ ಮದ್ದು, ಉಳಿದವರಿಗೆ ಹುಸಿ ಮದ್ದು. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಹಳೆಯ ವಿದ್ಯೆಗೆ ಅಪಚಾರವಾಗಲಿಲ್ಲ, ಹೊಸ ವಿದ್ಯೆಯ ಶಿಸ್ತೂ ಕೆಡಲಿಲ್ಲ.

2007ರಲ್ಲಿ ಫಲಿತಾಂಶ ಹೊರಬಂತು. ಮುಖ್ಯ ನಿರೀಕ್ಷೆ ಹುಸಿಯಾಗಿತ್ತು: ರಕ್ತಕಣಗಳ ಕುಸಿತವನ್ನು ಮದ್ದು ತಡೆಯಲಿಲ್ಲ. ಆದರೆ ಸಾಧಾರಣ ಪ್ರಮಾಣದ ವಾಕರಿಕೆ ಹುಸಿ ಮದ್ದಿನವರಲ್ಲಿ ಶೇ 35.7 ಮಂದಿಯನ್ನು ಕಾಡಿದರೆ, ನಿಜ ಮದ್ದಿನವರಲ್ಲಿ ಶೇ 14.6 ಮಂದಿಯನ್ನು ಮಾತ್ರ. ಊಟದ ವಾಸನೆಗೇ ಹೊಟ್ಟೆ ತೊಳೆಸುವವರಿಗೆ ಇದು ಸಣ್ಣ ಲಾಭವಲ್ಲ. ಆದರೆ ಕ್ಯಾನ್ಸರ್ ಮರಳದಂತೆ ಮದ್ದು ತಡೆಯುತ್ತದೆ ಎನ್ನಲು ಇದರಲ್ಲಿ ಆಧಾರವಿಲ್ಲ. ಕಿಮೊಥೆರಪಿ ಬಿಟ್ಟು ಕಷಾಯ ಹಿಡಿಯುವವರು ಮಿಲಾನಿನ ಅಂಕಿಗಳನ್ನು ಮತ್ತೊಮ್ಮೆ ನೋಡಬೇಕು.

ಅದೇ ವರ್ಷ ಕಾಕ್ರೇನ್ ಸಂಸ್ಥೆಯ ಪರವಾಗಿ ನಡೆದ ವಿಮರ್ಶೆಗೆ ಸಿಕ್ಕಿದ್ದು 542 ಸ್ತನ ಕ್ಯಾನ್ಸರ್ ರೋಗಿಗಳ ಏಳೇ ಪರೀಕ್ಷೆಗಳು. ಸಾಕ್ಷ್ಯ ಸೀಮಿತ ಎಂದಷ್ಟೇ ಅದು ಹೇಳಿತು. ಗಿಡಮೂಲಿಕೆಯಾದ್ದರಿಂದ ಹಾನಿಯಿಲ್ಲ ಎನ್ನುವಂತೆಯೂ ಇಲ್ಲ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಕೊಟ್ಟ ಚೀನೀ ಮೂಲಿಕೆಯಲ್ಲಿ ಒಂದು ಬೇರಿನ ಬದಲು ಇನ್ನೊಂದು ಸೇರಿ, ಹಲವು ಮಹಿಳೆಯರ ಮೂತ್ರಪಿಂಡಗಳೇ ಹಾಳಾಗಿದ್ದವು.

ಸೂಜಿಯ ಸರದಿ ನಂತರ ಬಂತು. ಸ್ತನ ಕ್ಯಾನ್ಸರ್ ಚಿಕಿತ್ಸೆಯ ಹಾರ್ಮೋನ್ ಮಾತ್ರೆಗಳಿಂದ ಕೀಲುನೋವು ಅನುಭವಿಸುತ್ತಿದ್ದ 226 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಅಕ್ಯುಪಂಕ್ಚರ್ ಪರೀಕ್ಷೆ 2018ರಲ್ಲಿ ಪ್ರಕಟವಾಯಿತು. ಹತ್ತು ಅಂಕಗಳ ಅಳತೆಯಲ್ಲಿ ಆರು ವಾರಗಳ ಬಳಿಕ ನೋವು ನಿಜ ಸೂಜಿಯವರಲ್ಲಿ 2.05, ಹುಸಿ ಸೂಜಿಯವರಲ್ಲಿ 1.07, ಸುಮ್ಮನೆ ಕಾದವರಲ್ಲಿ 0.99ರಷ್ಟು ಇಳಿದಿತ್ತು. ಈ ಒಂದು ಅಂಕದ ಅಂತರ ರೋಗಿಯ ಅನುಭವಕ್ಕೆ ಎಷ್ಟು ದೊಡ್ಡದು ಎಂಬುದು ಅನಿಶ್ಚಿತ ಎಂದು ಸಂಶೋಧಕರೇ ಬರೆದಿದ್ದಾರೆ.