ಹೃದಯಕ್ಕೆ ಹಚ್ಚಿದ ಬೆಳ್ಳಿ

ಬೆಳ್ಳಿಗೆ ಕ್ರಿಮಿಗಳನ್ನು ಕೊಲ್ಲುವ ಗುಣ ಇದೆ ಅನ್ನೋದು ಹಳೇ ವಿಷಯ. ಬೆಳ್ಳಿಯಿಂದ ಬಿಡುಗಡೆಯಾಗುವ ಅಯಾನುಗಳು ಬ್ಯಾಕ್ಟೀರಿಯಾದ ಪ್ರೋಟೀನುಗಳಿಗೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತವೆ. ಹಾಗಿದ್ದರೆ ದೇಹದೊಳಗೆ ಕೂರಿಸುವ ಸಾಧನಗಳಿಗೂ ಬೆಳ್ಳಿ ಲೇಪಿಸಿದರೆ ಹೇಗೆ?

ಅಮೆರಿಕದ ಸೇಂಟ್ ಜೂಡ್ ಮೆಡಿಕಲ್ ಕಂಪನಿ ಮಾಡಿದ್ದು ಅದನ್ನೇ. ಅದರ ಎರಡು ರೆಕ್ಕೆಯ ಕಾರ್ಬನ್ ಕವಾಟ 1977ರಿಂದಲೂ ಬಳಕೆಯಲ್ಲಿತ್ತು, ಒಳ್ಳೆಯ ಹೆಸರೂ ಇತ್ತು. ಆದರೆ ಯಾವ ಕೃತಕ ಕವಾಟಕ್ಕಾದರೂ ಒಂದು ಭಯ ಇದ್ದೇ ಇದೆ: ಸೋಂಕು. ಬ್ಯಾಕ್ಟೀರಿಯಾಗಳು ಕವಾಟದ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಕೂತುಬಿಟ್ಟರೆ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಎಷ್ಟೋ ಸಲ ಎದೆಯನ್ನು ಮತ್ತೆ ತೆರೆಯಬೇಕಾಗುತ್ತದೆ, ಜೀವವೇ ಹೋಗಬಹುದು.

ಹೀಗಾಗಿ ಕವಾಟವನ್ನು ಹೃದಯಕ್ಕೆ ಹೊಲಿಯುವ ಬಟ್ಟೆಯ ಅಂಚಿಗೆ ಬೆಳ್ಳಿ ಲೇಪಿಸಿದರು. ಹೆಸರು 'ಸಿಲ್ಜೋನ್'. ಹಳೇ ಕವಾಟದಲ್ಲಿ ಒಂದು ಸಣ್ಣ ಬದಲಾವಣೆ ಅಷ್ಟೇ ಎಂಬ ಲೆಕ್ಕದಲ್ಲಿ, ಮನುಷ್ಯರ ಮೇಲೆ ದೊಡ್ಡ ಪ್ರಯೋಗ ನಡೆಯುವ ಮೊದಲೇ, 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಪ್ರಯೋಗ ಶುರುವಾದದ್ದು ಆಮೇಲೆ. ಅದರ ಹೆಸರು 'ಅವರ್ಟ್'. ಗುರಿ 4,400 ರೋಗಿಗಳು. 807 ಜನ ಸೇರುವಷ್ಟರಲ್ಲೇ, 2000ದ ಜನವರಿಯಲ್ಲಿ, ಅದನ್ನು ನಿಲ್ಲಿಸಬೇಕಾಯ್ತು! ಬೆಳ್ಳಿ ಇದ್ದ ಗುಂಪಿನಲ್ಲಿ ಕವಾಟದ ಅಂಚಿನಿಂದ ರಕ್ತ ಸೋರುವ ತೊಂದರೆ ಹೆಚ್ಚಾಗಿ ಕಂಡಿತ್ತು. ಹೊಲಿದ ಜಾಗದಲ್ಲಿ ನಮ್ಮದೇ ಅಂಗಾಂಶ ಬೆಳೆದು ಬೆಸೆದುಕೊಳ್ಳಬೇಕು. ಬ್ಯಾಕ್ಟೀರಿಯಾಕ್ಕೆ ವಿಷವಾಗುವ ಬೆಳ್ಳಿ ಆ ಜೀವಕೋಶಗಳನ್ನೂ ತಡೆಯಿತೇ ಎಂಬ ಅನುಮಾನ ಹುಟ್ಟಿತು. ಅದೇ ತಿಂಗಳು ಕಂಪನಿ ತಾನಾಗೇ ಸಿಲ್ಜೋನ್ ಕವಾಟಗಳನ್ನು ಹಿಂದಕ್ಕೆ ಪಡೆಯಿತು.

ಆದರೆ ಅಷ್ಟರಲ್ಲಿ ಸುಮಾರು 36,000 ಕವಾಟಗಳು ಜನರ ಎದೆ ಸೇರಿದ್ದವು. ಆಸ್ಪತ್ರೆಯ ಕಪಾಟಿನಲ್ಲಿರುವ ಪೆಟ್ಟಿಗೆಯನ್ನು ವಾಪಸ್ ತರಿಸಬಹುದು, ಬಡಿಯುತ್ತಿರುವ ಹೃದಯದಿಂದ ತರಿಸೋದು ಹೇಗೆ ಹೇಳಿ? ಚೆನ್ನಾಗಿ ಕೂತಿರುವ ಕವಾಟವನ್ನು ತೆಗೆಯುವ ಶಸ್ತ್ರಚಿಕಿತ್ಸೆಯೇ ದೊಡ್ಡ ಅಪಾಯ. ಹಾಗಾಗಿ ಹೆಚ್ಚಿನವರಿಗೆ ಉಳಿದದ್ದು ತಪಾಸಣೆ ಮಾಡಿಸಿಕೊಳ್ಳುತ್ತಾ ಬದುಕುವುದು. ಕೆಲವರು ಕೋರ್ಟಿಗೆ ಹೋದರು. ಕೆನಡಾದ ಒಂಟಾರಿಯೋದಲ್ಲಿ 2012ರಲ್ಲಿ ಬಂದ ತೀರ್ಪು ಕಂಪನಿಯ ಪರವಾಗಿತ್ತು.

ಹಾಗಂತ ಇಡೀ ಯೋಚನೆಯೇ ತಪ್ಪು ಅನ್ನೋಕಾಗಲ್ಲ. ಪೇಸ್‌ಮೇಕರ್‌ನಂಥ ಸಾಧನಗಳನ್ನು ಸುತ್ತಿಡುವ, ಎರಡು ಆಂಟಿಬಯಾಟಿಕ್ ಇರುವ, ತಾನಾಗೇ ಕರಗಿಹೋಗುವ ಬಲೆಚೀಲವೊಂದನ್ನು ಸುಮಾರು 7,000 ರೋಗಿಗಳಲ್ಲಿ ಪರೀಕ್ಷಿಸಿದರು. 2019ರಲ್ಲಿ ಬಂದ ಫಲಿತಾಂಶ: ದೊಡ್ಡ ಸೋಂಕುಗಳು ಸುಮಾರು 40% ಕಡಿಮೆ.

ಸಿಲ್ಜೋನ್ ಕಥೆಯಲ್ಲಿ ಬೆಳ್ಳಿಗಿಂತ ನನ್ನನ್ನು ಕಾಡೋದು ಆ 'ಸಣ್ಣ ಬದಲಾವಣೆ' ಅನ್ನೋ ಮಾತು. ದೇಹದೊಳಗೆ ಯಾವುದು ಸಣ್ಣದು ಅಂತ ತೀರ್ಮಾನಿಸೋದು ನಾವಲ್ಲ, ದೇಹ. ಏನಂತೀರಿ?