ಕಾರಿನ ಸಾಮಾನ್ಯ ದೋಷಗಳ ಪತ್ತೆ ಮತ್ತು ಮನೆಯ ದುರಸ್ತಿ

ಕಾರಿನ ಸಾಮಾನ್ಯ ದೋಷಗಳ ಪತ್ತೆ ಮತ್ತು ಮನೆಯ ದುರಸ್ತಿ ಎಂದರೆ, ಕಾರಿನಲ್ಲಿ ಕಾಣಿಸಿಕೊಳ್ಳುವ ತೊಂದರೆಯ ಮೂಲವನ್ನು ಅದರ ಲಕ್ಷಣಗಳಿಂದ ಗುರುತಿಸಿ, ಸರಳ ಉಪಕರಣಗಳಿಂದ ಸಾಧ್ಯವಾದಷ್ಟನ್ನು ಮಾಲೀಕನೇ ಸರಿಪಡಿಸುವುದು. ದೋಷಗಳು ಮುಖ್ಯವಾಗಿ ಮೂರು ಬಗೆಯವು: ಮನೆಯಲ್ಲಿಯೇ ಸರಿಪಡಿಸಬಹುದಾದವು, ನಿಧಾನವಾಗಿ ಗ್ಯಾರೇಜಿನವರೆಗೆ ಚಲಾಯಿಸಬಹುದಾದವು ಮತ್ತು ಕಾರನ್ನು ಇದ್ದಲ್ಲಿಯೇ ನಿಲ್ಲಿಸಬೇಕಾದವು. ಈ ಮೂರರ ನಡುವಿನ ವ್ಯತ್ಯಾಸವನ್ನು ತಿಳಿಯುವುದು ದುರಸ್ತಿಗಿಂತಲೂ ಮುಖ್ಯವಾದುದು. ಈ ಲೇಖನವು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ರಸ್ತೆ ಹಾಗೂ ಹವಾಮಾನವನ್ನು ಗಮನದಲ್ಲಿರಿಸಿಕೊಂಡು ವಿಷಯವನ್ನು ವಿವರಿಸುತ್ತದೆ.

ಪ್ರಾದೇಶಿಕ ಹಿನ್ನೆಲೆ

ಗೋಕಾಕ, ಮತ್ತು ಅದರಿಂದ ಬೇರ್ಪಟ್ಟು ರಚನೆಯಾದ ಮೂಡಲಗಿ ತಾಲ್ಲೂಕುಗಳು ಘಟಪ್ರಭಾ ನದಿಯ ಆಸುಪಾಸಿನಲ್ಲಿವೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಇದೇ ನದಿಗೆ ಅಣೆಕಟ್ಟು ಕಟ್ಟಲಾಗಿದೆ. ಅದೇ ತಾಲ್ಲೂಕಿನ ಸಂಕೇಶ್ವರದ ಬಳಿ ಹಿರಣ್ಯಕೇಶಿ ನದಿ ಹರಿಯುತ್ತದೆ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಈ ಪಟ್ಟಣದ ಮೂಲಕ ಸಾಗುತ್ತದೆ. ಕೆಎ-49 ಎಂಬುದು ಗೋಕಾಕ ಸಾರಿಗೆ ಕಚೇರಿಯ ನೋಂದಣಿ ಸಂಕೇತ.

ಇಲ್ಲಿನ ಪರಿಸರವು ಕಾರುಗಳ ಮೇಲೆ ಮೂರು ರೀತಿಯಲ್ಲಿ ಪರಿಣಾಮ ಬೀರುತ್ತದೆ. ಬೇಸಿಗೆಯ ಬಿಸಿಲು ಬ್ಯಾಟರಿ ಮತ್ತು ತಂಪುಕಾರಕ ವ್ಯವಸ್ಥೆಯನ್ನು ದಣಿಸುತ್ತದೆ. ಎರೆ ಮಣ್ಣಿನ ಧೂಳು ಹಾಗೂ ಕಬ್ಬಿನ ಹಂಗಾಮಿನಲ್ಲಿ ಹಾರುವ ರವದಿ ಗಾಳಿ ಶೋಧಕ ಮತ್ತು ರೇಡಿಯೇಟರಿನಲ್ಲಿ ಸೇರಿಕೊಳ್ಳುತ್ತವೆ. ಮಳೆಗಾಲದಲ್ಲಿ ನದಿಗಳು ಉಕ್ಕಿದಾಗ ಸೇತುವೆಗಳು ಮುಳುಗಿ ಕಾರುಗಳು ನೀರಿಗೆ ಸಿಲುಕುತ್ತವೆ.

ಪತ್ತೆಯ ಕ್ರಮ

ಯಾವುದೇ ಭಾಗವನ್ನು ಬಿಚ್ಚುವ ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ದೋಷ ಯಾವಾಗ ಕಾಣಿಸುತ್ತದೆ: ಎಂಜಿನ್ ತಣ್ಣಗಿದ್ದಾಗಲೋ, ಕಾದ ಮೇಲೋ? ಯಾವ ಕ್ರಿಯೆಯಿಂದ ಹೆಚ್ಚುತ್ತದೆ: ಬ್ರೇಕ್ ಒತ್ತಿದಾಗಲೋ, ತಿರುವಿನಲ್ಲೋ, ಏರಿನಲ್ಲೋ? ಅದಕ್ಕೂ ಮೊದಲು ಕಾರಿನಲ್ಲಿ ಏನಾದರೂ ಬದಲಾವಣೆ ಆಗಿತ್ತೆ? ಶಬ್ದ, ವಾಸನೆ, ಹೊಗೆ, ಸೋರಿಕೆ ಇವುಗಳಲ್ಲಿ ಯಾವುದಿದೆ? ಉತ್ತರಗಳನ್ನು ಬರೆದಿಟ್ಟುಕೊಂಡರೆ ಮೆಕ್ಯಾನಿಕ್‌ಗೂ ಅನುಕೂಲ; ಅನವಶ್ಯಕವಾಗಿ ಬಿಡಿಭಾಗ ಬದಲಿಸುವ ಖರ್ಚು ತಪ್ಪುತ್ತದೆ.

ಪರೀಕ್ಷೆಯು ಸುಲಭವಾದುದರಿಂದ ಕಠಿಣವಾದುದರ ಕಡೆಗೆ ಸಾಗಬೇಕು. ಫ್ಯೂಸ್, ಬ್ಯಾಟರಿಯ ತುದಿಗಳು ಮತ್ತು ದ್ರವಗಳ ಮಟ್ಟವನ್ನು ನೋಡಲು ಹತ್ತು ನಿಮಿಷ ಸಾಕು. ಒಂದು ಮಲ್ಟಿಮೀಟರ್, ಟಯರಿನ ಗಾಳಿ ಅಳೆಯುವ ಮಾಪಕ, ಟಾರ್ಚ್, ಪಾನಾಗಳು, ಜಾಕ್ ಹಾಗೂ ರಬ್ಬರ್ ಕೈಗವಸು ಇದಕ್ಕೆ ಬೇಕಾದ ಸಾಮಗ್ರಿಗಳು.

ಎಚ್ಚರಿಕೆಯ ದೀಪಗಳು

ಡ್ಯಾಶ್‌ಬೋರ್ಡಿನ ಕೆಂಪು ದೀಪವು ಸಾಮಾನ್ಯವಾಗಿ ಕೂಡಲೇ ನಿಲ್ಲಿಸಬೇಕೆಂಬುದನ್ನೂ, ಹಳದಿ ದೀಪವು ಬೇಗನೆ ತಪಾಸಣೆ ಮಾಡಿಸಬೇಕೆಂಬುದನ್ನೂ ಸೂಚಿಸುತ್ತದೆ. ಎಣ್ಣೆಯ ಗಿಂಡಿಯ ಆಕಾರದ ಕೆಂಪು ದೀಪ ಉರಿದರೆ ಎಂಜಿನ್ ಆಯಿಲಿನ ಒತ್ತಡ ಕುಸಿದಿದೆ ಎಂದರ್ಥ. ಆಗ ಇನ್ನೊಂದು ಕಿಲೋಮೀಟರ್ ಓಡಿಸಿದರೂ ಎಂಜಿನ್ ಹಾಳಾಗಬಹುದು. ಬ್ಯಾಟರಿಯ ಆಕಾರದ ಕೆಂಪು ದೀಪವು ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲವೆಂದು ತಿಳಿಸುತ್ತದೆ. ಅನೇಕ ಕಾರುಗಳಲ್ಲಿ ಬೆಲ್ಟ್ ತುಂಡಾದಾಗಲೂ ಇದು ಉರಿಯುತ್ತದೆ.

ಎಂಜಿನ್ ಆಕಾರದ ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಅದು ಮಿನುಗುತ್ತಿದ್ದು ಎಂಜಿನ್ ನಡುಗುತ್ತಿದ್ದರೆ ಕಾರನ್ನು ನಿಲ್ಲಿಸುವುದು ಒಳಿತು. ಇತ್ತೀಚಿನ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ 16 ಪಿನ್ನುಗಳ ಒಬಿಡಿ ಸಂಪರ್ಕ ಕಿಂಡಿ ಇರುತ್ತದೆ. ಅದಕ್ಕೆ ಚಿಕ್ಕ ಸ್ಕ್ಯಾನರ್ ಜೋಡಿಸಿ ಮೊಬೈಲಿನಲ್ಲಿ ದೋಷ ಸಂಕೇತವನ್ನು ಓದಬಹುದು. ಉದಾಹರಣೆಗೆ, ಪಿ0300 ಎಂದರೆ ಸಿಲಿಂಡರುಗಳಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿಯ ಪ್ರಮಾಣಕ್ಕೆ ಇಂಧನ ಕಡಿಮೆ. ಸಂಕೇತವು ಲಕ್ಷಣವನ್ನು ಹೇಳುತ್ತದೆಯೇ ಹೊರತು ಕೆಟ್ಟ ಬಿಡಿಭಾಗದ ಹೆಸರನ್ನಲ್ಲ.

ಕಾರು ಚಾಲೂ ಆಗದಿರುವುದು

ಕೀಲಿ ತಿರುಗಿಸಿದಾಗ ಕೇಳುವ ಶಬ್ದದಿಂದಲೇ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು.

ಶಬ್ದವೂ ಇಲ್ಲ, ದೀಪವೂ ಇಲ್ಲ: ಬ್ಯಾಟರಿ ಪೂರ್ಣ ಖಾಲಿಯಾಗಿದೆ ಅಥವಾ ಅದರ ತುದಿ ಸಡಿಲವಾಗಿದೆ.
ಟಿಕ್ ಟಿಕ್ ಶಬ್ದ, ಮಂಕಾದ ದೀಪ: ಬ್ಯಾಟರಿಯಲ್ಲಿ ಶಕ್ತಿ ಕಡಿಮೆಯಾಗಿದೆ.
ಒಂದೇ ಒಂದು ಗಟ್ಟಿ ಶಬ್ದ, ಪ್ರಕಾಶಮಾನ ದೀಪ: ಸ್ಟಾರ್ಟರ್ ಮೋಟಾರಿನ ದೋಷದ ಸಾಧ್ಯತೆ.
ಸೆಲ್ಫ್ ಚೆನ್ನಾಗಿ ತಿರುಗಿದರೂ ಎಂಜಿನ್ ಹಿಡಿಯದು: ಇಂಧನ, ಕಿಡಿ ಅಥವಾ ಕೀಲಿಯ ಭದ್ರತಾ ವ್ಯವಸ್ಥೆಯ ದೋಷ.

ಕಾರು ಕೆಲ ಗಂಟೆ ನಿಂತ ಬಳಿಕ ಆರೋಗ್ಯವಂತ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರುತ್ತದೆ. 12 ವೋಲ್ಟಿಗಿಂತ ಕಡಿಮೆಯಿದ್ದರೆ ಅದು ಬಹುತೇಕ ಖಾಲಿಯಾಗಿದೆ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಬರಬೇಕು. ಬರದಿದ್ದರೆ ಹೊಸ ಬ್ಯಾಟರಿ ತಂದರೂ ಪ್ರಯೋಜನವಿಲ್ಲ, ಆಲ್ಟರ್ನೇಟರನ್ನು ಪರೀಕ್ಷಿಸಬೇಕು. ತುದಿಗಳ ಮೇಲಿನ ಬಿಳಿ ಅಥವಾ ಹಸಿರು ಪುಡಿಯನ್ನು ಬಿಸಿನೀರು ಮತ್ತು ಅಡುಗೆ ಸೋಡಾದಿಂದ ತೊಳೆಯಬಹುದು. ಬಿಚ್ಚುವಾಗ ಮೊದಲು ಋಣ ತುದಿಯನ್ನೂ, ಜೋಡಿಸುವಾಗ ಕೊನೆಗೆ ಅದನ್ನೂ ಮುಟ್ಟಬೇಕು.

ಇನ್ನೊಂದು ಕಾರಿನ ಬ್ಯಾಟರಿಯ ನೆರವು ಪಡೆಯುವಾಗ ಕೆಂಪು ಕೇಬಲನ್ನು ಖಾಲಿ ಬ್ಯಾಟರಿಯ ಧನ ತುದಿಗೆ, ಅದರ ಇನ್ನೊಂದು ಕೊನೆಯನ್ನು ಒಳ್ಳೆಯ ಬ್ಯಾಟರಿಯ ಧನ ತುದಿಗೆ ಜೋಡಿಸಬೇಕು. ಅನಂತರ ಕಪ್ಪು ಕೇಬಲನ್ನು ಒಳ್ಳೆಯ ಬ್ಯಾಟರಿಯ ಋಣ ತುದಿಗೂ, ಕೊನೆಯದಾಗಿ ಕೆಟ್ಟ ಕಾರಿನ ಬಣ್ಣವಿಲ್ಲದ ಲೋಹದ ಭಾಗಕ್ಕೂ ಜೋಡಿಸಬೇಕು. ಈ ಕೊನೆಯ ಜೋಡಣೆ ಬ್ಯಾಟರಿಯಿಂದ ದೂರವಿರಬೇಕು. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಅನಿಲವು ಕಿಡಿಯಿಂದ ಸ್ಫೋಟಿಸಬಲ್ಲದು. ತಳ್ಳಿ ಚಾಲೂ ಮಾಡುವ ಪದ್ಧತಿ ಆಟೊಮ್ಯಾಟಿಕ್ ಗೇರಿನ ಕಾರುಗಳಿಗೆ ಒಗ್ಗದು.

ಹೊಲ ಅಥವಾ ದವಸದ ಕೋಣೆಯ ಬಳಿ ನಿಲ್ಲಿಸಿದ ಕಾರಿನಲ್ಲಿ ಇಲಿಗಳು ವೈರು ಕಡಿದಿರುವ ಸಾಧ್ಯತೆಯನ್ನೂ ನೋಡಬೇಕು. ಸುಟ್ಟ ಫ್ಯೂಸಿನ ಬದಲು ಅಷ್ಟೇ ಆಂಪಿಯರಿನ ಫ್ಯೂಸನ್ನೇ ಹಾಕಬೇಕು: ಕೆಂಪು ಬಣ್ಣದ್ದು 10, ನೀಲಿ 15, ಹಳದಿ 20 ಆಂಪಿಯರ್. ತಂತಿ ಸುತ್ತಿ ಕೆಲಸ ಸಾಗಿಸಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಎಂಜಿನ್ ಅತಿಯಾಗಿ ಕಾಯುವುದು

ಬೆಳಗಾವಿ ಮತ್ತು ಸಂಕೇಶ್ವರದ ನಡುವಿನ ವಂಟಮೂರಿ ಘಟ್ಟದಂತಹ ಏರುಗಳಲ್ಲಿ, ಬೇಸಿಗೆಯ ಮಧ್ಯಾಹ್ನ, ದುರ್ಬಲ ತಂಪುಕಾರಕ ವ್ಯವಸ್ಥೆಯ ದೋಷ ಬಯಲಾಗುತ್ತದೆ. ತಾಪಮಾನದ ಮುಳ್ಳು ಏರತೊಡಗಿದರೆ ಎಸಿ ಬಂದ್ ಮಾಡಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಬೇಕು. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿದ್ದಾಗ ಎಂದಿಗೂ ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಕಾದು, ಮುಚ್ಚಳ ಕೈಗೆ ತಣ್ಣಗೆ ತಾಗಿದ ಮೇಲೆ ಮಾತ್ರ ಮಟ್ಟವನ್ನು ನೋಡಬೇಕು.

ಕೂಲಂಟ್ ಕಡಿಮೆಯಿರುವುದು, ಪೈಪು ಸೋರುವುದು, ಫ್ಯಾನ್ ತಿರುಗದಿರುವುದು, ಥರ್ಮೋಸ್ಟಾಟ್ ಸಿಕ್ಕಿಕೊಂಡಿರುವುದು ಮತ್ತು ರೇಡಿಯೇಟರಿನ ಎಸಳುಗಳಲ್ಲಿ ಧೂಳು–ರವದಿ ತುಂಬಿರುವುದು ಸಾಮಾನ್ಯ ಕಾರಣಗಳು. ಎಸಳುಗಳನ್ನು ಎಂಜಿನ್ ತಣ್ಣಗಿದ್ದಾಗ ಮೃದುವಾದ ನೀರಿನ ಧಾರೆಯಿಂದ ತೊಳೆಯಬಹುದು. ಕೊಳವೆಬಾವಿಯ ಗಡಸು ನೀರನ್ನು ರೂಢಿಯಾಗಿ ಹಾಕಿದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ತುರ್ತಿನಲ್ಲಿ ಹಾಕಿದ್ದರೆ ಬೇಗನೆ ಹೊರತೆಗೆದು, ಕಾರಿನ ಕೈಪಿಡಿಯಲ್ಲಿ ಹೇಳಿದ ಕೂಲಂಟನ್ನು ತುಂಬಿಸಬೇಕು.

ಸೋರಿಕೆ ಮತ್ತು ಹೊಗೆ

ರಾತ್ರಿ ಕಾರಿನ ಕೆಳಗೆ ರಟ್ಟನ್ನು ಹಾಸಿಟ್ಟರೆ ಬೆಳಿಗ್ಗೆ ಸೋರಿಕೆಯ ಜಾಗ ಮತ್ತು ಬಣ್ಣ ಎರಡೂ ತಿಳಿಯುತ್ತವೆ. ಬಣ್ಣವಿಲ್ಲದ ಶುದ್ಧ ನೀರು ಎಸಿಯದ್ದು, ಅದು ದೋಷವಲ್ಲ. ಕಂದು ಅಥವಾ ಕಪ್ಪು ದ್ರವ ಎಂಜಿನ್ ಆಯಿಲ್. ಹಸಿರು, ಗುಲಾಬಿ ಅಥವಾ ನೀಲಿ ದ್ರವ ಕೂಲಂಟ್. ಚಕ್ರದ ಒಳಬದಿಯಲ್ಲಿ ಜಾರುವ ತಿಳಿಹಳದಿ ದ್ರವ ಕಂಡರೆ ಅದು ಬ್ರೇಕ್ ಆಯಿಲ್ ಆಗಿರಬಹುದು. ಆ ಕಾರನ್ನು ಓಡಿಸಬಾರದು.

ಹೊಗೆಕೊಳವೆಯಿಂದ ಚಳಿಗಾಲದ ಬೆಳಿಗ್ಗೆ ಬರುವ ತೆಳುವಾದ ಬಿಳಿ ಆವಿ ಸಹಜ. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ಬಂದರೆ ಕೂಲಂಟ್ ಎಂಜಿನ್ನಿನೊಳಗೆ ಸೇರುತ್ತಿದೆ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ, ಕಪ್ಪು ಹೊಗೆ ಇಂಧನ ಹೆಚ್ಚಾಗಿ ಗಾಳಿ ಕಡಿಮೆಯಾಗಿರುವುದರ ಗುರುತು. ಕಪ್ಪು ಹೊಗೆ ಕಂಡಾಗ ಮೊದಲು ಗಾಳಿ ಶೋಧಕವನ್ನು ನೋಡಬೇಕು; ಧೂಳಿನ ರಸ್ತೆಗಳಲ್ಲಿ ಅದನ್ನು ಕೈಪಿಡಿಯ ಅವಧಿಗಿಂತ ಬೇಗನೆ ಬದಲಿಸಬೇಕಾಗುತ್ತದೆ.

ಇಂಧನ

ಕಬ್ಬಿನ ಕಾಕಂಬಿ ಮತ್ತು ರಸದಿಂದಲೂ ತಯಾರಾಗುವ ಎಥನಾಲನ್ನು ಭಾರತದಲ್ಲಿ ಪೆಟ್ರೋಲಿಗೆ ಶೇಕಡಾ 20ರವರೆಗೆ ಬೆರೆಸಲಾಗುತ್ತಿದೆ. ಎಥನಾಲ್ ತೇವವನ್ನು ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ನೀರು ಸೇರಿ ಎಂಜಿನ್ ತಡವರಿಸಬಹುದು. ಹಳೆಯ ಕಾರುಗಳ ರಬ್ಬರ್ ಪೈಪುಗಳನ್ನು ಆಗಾಗ ಪರಿಶೀಲಿಸಬೇಕು. ಪೆಟ್ರೋಲಿನ ಬದಲು ಡೀಸೆಲ್, ಅಥವಾ ಡೀಸೆಲಿನ ಬದಲು ಪೆಟ್ರೋಲ್ ತುಂಬಿದ್ದು ಗೊತ್ತಾದರೆ ಎಂಜಿನ್ ಚಾಲೂ ಮಾಡದೆ ಟ್ಯಾಂಕ್ ಖಾಲಿ ಮಾಡಿಸಬೇಕು.

ಟಯರ್ ಮತ್ತು ಬ್ರೇಕ್

ಟಯರಿನ ಗಾಳಿಯ ಪ್ರಮಾಣವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಮುದ್ರಿಸಿರುತ್ತಾರೆ. ಟಯರ್ ತಣ್ಣಗಿದ್ದಾಗ ಅಳೆಯಬೇಕು. ಎರಡೂ ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು, ಒಂದೇ ಅಂಚು ಸವೆದಿದ್ದರೆ ಚಕ್ರದ ಜೋಡಣೆ ತಪ್ಪಿದೆ. ತೋಡುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಟಯರನ್ನು ಬದಲಿಸಬೇಕು.

ಸ್ಟೆಪ್ನಿ ಹಾಕುವಾಗ ಸಮತಟ್ಟಾದ ಗಟ್ಟಿ ನೆಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಎದುರು ಚಕ್ರಕ್ಕೆ ಕಲ್ಲು ಕೊಟ್ಟು, ನಟ್ಟುಗಳನ್ನು ಸಡಿಲಿಸಿದ ಮೇಲೆ ಜಾಕ್ ಏರಿಸಬೇಕು. ಮಳೆ ಬಿದ್ದ ಎರೆ ಮಣ್ಣಿನಲ್ಲಿ ಜಾಕ್ ಹೂತುಹೋಗುವುದರಿಂದ ಕೆಳಗೆ ಅಗಲವಾದ ಹಲಗೆ ಇಡಬೇಕು. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು.

ಬ್ರೇಕ್ ಒತ್ತಿದಾಗ ಕೀರಲು ಶಬ್ದ ಬಂದರೆ ಪ್ಯಾಡುಗಳು ಸವೆದಿರಬಹುದು. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಸೋರಿಕೆಯಿದೆ. ಮಾಲೀಕನು ಬ್ರೇಕ್ ಆಯಿಲಿನ ಮಟ್ಟವನ್ನು ನೋಡಬಹುದು. ಉಳಿದುದನ್ನು ನುರಿತವರಿಗೆ ಬಿಡುವುದು ಕ್ಷೇಮ.

ನೆರೆ ನೀರಿಗೆ ಸಿಲುಕಿದ ಕಾರು

ಆಗಸ್ಟ್ 2019ರ ಘಟಪ್ರಭೆಯ ನೆರೆಯಲ್ಲಿ ಗೋಕಾಕದ ಲೋಳಸೂರ ಸೇತುವೆ ಮುಳುಗಿ, ನಗರದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ಹೀಗೆ ನೀರಿನಲ್ಲಿ ನಿಂತ ಕಾರಿನ ಸೆಲ್ಫ್ ಹೊಡೆಯುವುದು ಅತ್ಯಂತ ದುಬಾರಿಯಾದ ತಪ್ಪು. ಗಾಳಿಯಂತೆ ನೀರು ಕುಗ್ಗದು. ಸಿಲಿಂಡರಿನಲ್ಲಿ ನೀರಿರುವಾಗ ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ ಅಥವಾ ಮುರಿಯುತ್ತದೆ. ಹೀಗಾದ ಎಂಜಿನ್ ಹಾನಿಯನ್ನು ಪ್ರತ್ಯೇಕ ಎಂಜಿನ್ ರಕ್ಷಣೆಯಿಲ್ಲದ ವಿಮೆಯು ಸಾಮಾನ್ಯವಾಗಿ ಭರಿಸುವುದಿಲ್ಲ.

ನೀರು ಇಳಿದ ಮೇಲೆ ಬ್ಯಾಟರಿಯ ಋಣ ತುದಿ ಬಿಚ್ಚಿ, ನೀರಿನ ಮಟ್ಟದ ಛಾಯಾಚಿತ್ರ ತೆಗೆದು, ವಿಮೆಯವರಿಗೆ ತಿಳಿಸಿ, ಕಾರನ್ನು ಎಳೆಸಿಕೊಂಡು ಹೋಗಬೇಕು. ಆಯಿಲ್ ಅಳೆಯುವ ಕಡ್ಡಿಯಲ್ಲಿ ಹಾಲು ಬೆರೆಸಿದ ಚಹಾದ ಬಣ್ಣ ಕಂಡರೆ ಆಯಿಲಿಗೆ ನೀರು ಸೇರಿದೆ. ಹರಿಯುವ ನೀರು ಸೇತುವೆಯ ಮೇಲಿರುವಾಗ ಅದರ ಆಳವನ್ನು ಊಹಿಸಿ ಕಾರು ಇಳಿಸುವುದು ಪ್ರಾಣಾಪಾಯಕರ.

ರಸ್ತೆಯಲ್ಲಿ ಕೆಟ್ಟು ನಿಂತಾಗ

ಕಬ್ಬಿನ ಹಂಗಾಮಿನ ರಾತ್ರಿಗಳಲ್ಲಿ ಟ್ರ್ಯಾಕ್ಟರ್ ಟ್ರೇಲರುಗಳ ಸಂಚಾರ ಹೆಚ್ಚಿರುತ್ತದೆ. ಕೆಟ್ಟ ಕಾರನ್ನು ರಸ್ತೆಯಿಂದ ಆದಷ್ಟು ಬದಿಗೆ ಸರಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಪ್ರತಿಫಲಕ ತ್ರಿಕೋನವನ್ನು ಹಿಂದೆ ಸಾಕಷ್ಟು ದೂರದಲ್ಲಿಡಬೇಕು. ಪ್ರಯಾಣಿಕರು ಕಾರಿನೊಳಗೆ ಕುಳಿತಿರದೆ ರಸ್ತೆಯಿಂದ ದೂರ ನಿಲ್ಲಬೇಕು. ರಾಷ್ಟ್ರೀಯ ಹೆದ್ದಾರಿಗಳಲ್ಲಿ ನೆರವಿಗೆ 1033, ಬೇರೆ ತುರ್ತುಗಳಿಗೆ 112 ಸಂಖ್ಯೆಗೆ ಕರೆ ಮಾಡಬಹುದು.

ಮನೆಯ ದುರಸ್ತಿಯ ಮಿತಿ

ಬ್ಯಾಟರಿಯ ತುದಿ, ಫ್ಯೂಸ್, ಬಲ್ಬ್, ವೈಪರ್, ಗಾಳಿ ಶೋಧಕ, ದ್ರವಗಳ ಮಟ್ಟ ಮತ್ತು ಸ್ಟೆಪ್ನಿ ಬದಲಾವಣೆ ಮನೆಯ ಕೆಲಸಗಳು. ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್, ಇಂಧನದ ಪೈಪು ಹಾಗೂ ಸಿಎನ್‌ಜಿ ವ್ಯವಸ್ಥೆ ಮನೆಯ ಕೆಲಸಗಳಲ್ಲ. ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲುಗಳು ಅಧಿಕ ವೋಲ್ಟೇಜಿನವು, ಅವುಗಳನ್ನು ಮುಟ್ಟಬಾರದು. ವಾರಂಟಿ ಅವಧಿಯಲ್ಲಿರುವ ಕಾರಿನ ವೈರಿಂಗ್ ಕತ್ತರಿಸಿದರೆ ಆ ಭಾಗದ ವಾರಂಟಿಯೂ ರದ್ದಾಗಬಹುದು.